ಬದು ಬೋಳಾದ ಮೇಲೆ: ಜಾವಗಲ್ ಕಡೆಯ ಎರಡು ಎಕರೆಯ ಪ್ರಕರಣ

ಸಕಲೇಶಪುರದಿಂದ ಅರಸೀಕೆರೆ ಕಡೆಗೆ ಹಾಸನ ಜಿಲ್ಲೆಯನ್ನು ಅಡ್ಡಲಾಗಿ ದಾಟಿದರೆ ಮಳೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಕಾಫಿ, ಏಲಕ್ಕಿ ಹಿಂದೆ ಉಳಿದು ರಾಗಿ, ತೆಂಗು, ಹುಚ್ಚೆಳ್ಳು ಎದುರಾಗುತ್ತವೆ. ಈ ಪ್ರಕರಣ ಆ ಒಣ ತುದಿಯದು, ಜಾವಗಲ್ ಸುತ್ತಿನ ಕೆಂಪುಮಣ್ಣಿನ ಹೊಲದ್ದು. ಹೊಲದ ಅಂಚಿನ ಮಣ್ಣಿನ ದಿಂಡು, ಅಂದರೆ ಬದು, ಕಳೆನಾಶಕಕ್ಕೆ ಬೋಳಾದರೆ ಪರಾಗ ಒಯ್ಯುವ ಹುಳುಗಳಿಗೂ ಬೆಳೆಗೂ ಏನಾಗುತ್ತದೆ ಎಂಬುದೇ ಇದರ ವಿಷಯ. ಯಾರೋ ಒಬ್ಬರ ಪಹಣಿ ಹಿಡಿದು ಬರೆದದ್ದಲ್ಲ. ಆ ಬಯಲಿನಲ್ಲಿ ಮತ್ತೆ ಮತ್ತೆ ಕಾಣುವ ಹಿಡುವಳಿಯನ್ನೇ ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಅಳತೆಗೆ ತಂದಿದ್ದೇವೆ.

ಎರಡು ಎಕರೆಯ ಚೌಕ ಹೊಲ ಎಂದರೆ ಒಂದೊಂದು ಮಗ್ಗುಲು ಸುಮಾರು 90 ಮೀಟರ್. ಸುತ್ತಲಿನ ಬದು 360 ಮೀಟರ್, ಇಳಿಜಾರಿಗೆ ಅಡ್ಡಲಾಗಿ ಹಾಕಿದ ನಡುಬದು 90 ಮೀಟರ್, ಒಟ್ಟು 450. ಬದುವಿನ ತಲೆ ಮತ್ತು ಎರಡು ಮಗ್ಗುಲು ಸೇರಿ ಅಗಲ 1.2 ಮೀಟರ್ ಹಿಡಿದರೆ 540 ಚದರ ಮೀಟರ್, ಅಂದರೆ ಐದೂಕಾಲು ಗುಂಟೆಗಿಂತ ಚೂರು ಹೆಚ್ಚು. 80 ಗುಂಟೆಯಲ್ಲಿ ನೇಗಿಲು, ಟ್ರ್ಯಾಕ್ಟರ್ ತಾಗದ ನೆಲ ಇಷ್ಟೇ. ಕಾಡುಗಿಡಕ್ಕೂ ನೆಲದಲ್ಲಿ ಗೂಡು ತೋಡುವ ಜೇನಿಗೂ ಇರುವ ಜಾಗವೂ ಇಷ್ಟೇ.

ಬೆಳೆ ಒಂದೂಮುಕ್ಕಾಲು ಎಕರೆ ರಾಗಿ, ಅದರ ನಡುವೆ ಅಕ್ಕಡಿ (ಮಿಶ್ರಬೆಳೆಯ) ಸಾಲಿನಲ್ಲಿ ಹುಚ್ಚೆಳ್ಳು ಮತ್ತು ಅವರೆ. ಉಳಿದ ಹತ್ತು ಗುಂಟೆಗೆ ಬೋರ್‌ವೆಲ್ ನೀರಿನ ಸಿಹಿಗುಂಬಳ. ಮೂಲೆಗಳಲ್ಲಿ ತೆಂಗು, ಒಂದೆರಡು ಹೊಂಗೆ. ಮನೆ ಹಿಂದೆ ನಾಲ್ಕು ಸಾಲು ಬದನೆ.

ಏನು ನಡೆಯುತ್ತಿತ್ತು

ದನವಿದ್ದ ಕಾಲದಲ್ಲಿ ಬದುವಿನ ಹುಲ್ಲಿಗೆ ಬೆಲೆಯಿತ್ತು. ದಿನಕ್ಕೊಂದು ಹೊರೆ ಕೊಯ್ಯುತ್ತಿದ್ದರಿಂದ ಇಡೀ ಬದು ಒಮ್ಮೆಲೇ ಬೋಳಾಗುತ್ತಿರಲಿಲ್ಲ. ಇಂದು ಕೊಯ್ದಲ್ಲಿ ಚಿಗುರು, ನಾಳೆ ಕೊಯ್ಯಬೇಕಾದಲ್ಲಿ ಹೂವು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಆದರೆ ಪರಾಗ ಒಯ್ಯುವ ಹುಳುಗಳಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿರಲಿಲ್ಲ.

ದನ ಕಡಿಮೆಯಾಗಿ ಕೂಲಿ ಏರಿದ ಮೇಲೆ ವರ್ಷಕ್ಕೆ ಮೂರು ಕೆಲಸ ರೂಢಿಗೆ ಬಂದವು. ಮೇ ತಿಂಗಳ ಮಳೆಗೆ ಹಸಿರೆದ್ದ ಕೂಡಲೇ ಗ್ಲೈಫೋಸೇಟ್ ಎಂಬ ಕಳೆನಾಶಕ, ಆಗಸ್ಟ್‌ನಲ್ಲಿ ಇನ್ನೊಂದು ಸುತ್ತು, ಸುಗ್ಗಿ ಮುಗಿದ ಮೇಲೆ ಸನಿಕೆಯಲ್ಲಿ ಬದು ಕೆತ್ತುವುದು ಇಲ್ಲವೇ ಬೆಂಕಿ ಹಾಕುವುದು. ಇದರ ಜೊತೆಗೆ ರಾಗಿ ಪೈರಿಗೆ 2,4-ಡಿ. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುವ ಔಷಧಿ, ಹುಚ್ಚೆಳ್ಳು ಮತ್ತು ಅವರೆಯೂ ಅಗಲ ಎಲೆಯವೇ. ಅಕ್ಕಡಿ ಸಾಲು ಅನೇಕ ಹೊಲಗಳಿಂದ ಮಾಯವಾದದ್ದಕ್ಕೆ ಇದೂ ಒಂದು ಕಾರಣ. ಗಾಳಿಗೆ ಬದುವಿನತ್ತ ಹಾರಿದರೆ ಹುಲ್ಲು ಉಳಿದು ತುಂಬೆ, ಕನ್ನೆ ಸಾಯುತ್ತವೆ. ದೂರದಿಂದ ನೋಡಿದವರಿಗೆ ಬದು ಹಸಿರಾಗಿಯೇ ಇರುತ್ತದೆ, ಹೂವು ಮಾತ್ರ ಇರುವುದಿಲ್ಲ.

ಗ್ಲೈಫೋಸೇಟ್ ಲೆಕ್ಕವನ್ನೂ ನೋಡಬೇಕು. ಶೇಕಡಾ 41ರ ದ್ರಾವಣಕ್ಕೆ (41 ಎಸ್‌ಎಲ್) ಪ್ರಮಾಣ ಹೆಕ್ಟೇರಿಗೆ 2ರಿಂದ 3 ಲೀಟರ್. ನಮ್ಮ 540 ಚದರ ಮೀಟರಿಗೆ ಅದು 108ರಿಂದ 162 ಮಿಲಿ. ಹೆಕ್ಟೇರಿಗೆ 450 ಲೀಟರ್ ನೀರಿನ ಲೆಕ್ಕದಲ್ಲಿ 24 ಲೀಟರ್ ನೀರು ಸಾಕು, 16 ಲೀಟರಿನ ಟ್ಯಾಂಕ್ ಒಂದೂವರೆ. ಆದರೆ ಹೊಲದಲ್ಲಿ ಮುಚ್ಚಳದ ಲೆಕ್ಕ ನಡೆಯುತ್ತದೆ. ‘ಇನ್ನೊಂದ್ ಮುಚ್ಚಳ ಹಾಕಣ್ಣ, ಬೇರ್ ಸಾಯ್ಬೇಕು’ ಎಂದು ಟ್ಯಾಂಕಿಗೆ 150 ಮಿಲಿ ಸುರಿದು ಎರಡು ಟ್ಯಾಂಕ್ ಹೊಡೆದರೆ 300 ಮಿಲಿ, ಅಂದರೆ ಮೇಲ್ಮಿತಿಯ ಎರಡರಷ್ಟರ ಹತ್ತಿರ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊರಡಿಸಿದ ಅಧಿಸೂಚನೆ, ಗ್ಲೈಫೋಸೇಟನ್ನು ಪರವಾನಗಿ ಇರುವ ಕೀಟ ನಿಯಂತ್ರಣ ನಿರ್ವಾಹಕರ ಮೂಲಕವೇ ಬಳಸಬೇಕೆಂದು ಹೇಳಿತು. ಬದುವಿನ ಮೇಲೆ ಟ್ಯಾಂಕ್ ಹೊತ್ತು ನಡೆಯುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿದೆ ಎಂಬ ಮಾತು ಬೇರೆ.

ಕಳೆ ಹೋಗಿ ಕಳೆಯೇ ಬಂದ ಬಗೆ

ಬದುವಿನಲ್ಲಿ ಮೊದಲು ಇದ್ದದ್ದು ಗರಿಕೆ, ತುಂಬೆ, ಉತ್ತರಾಣಿ, ಕನ್ನೆ, ಅಣ್ಣೆ, ಭೀಮನಕಡ್ಡಿ, ಅಲ್ಲಲ್ಲಿ ತಂಗಡಿ ಮತ್ತು ಎಕ್ಕ. ತೇವದ ಕಡೆ ಹೊನಗೊನ್ನೆ. ಇವುಗಳಲ್ಲಿ ಬೆನ್ನೆಲುಬು ಗರಿಕೆ. ಅದರ ಬಳ್ಳಿಬೇರು ಮಣ್ಣನ್ನು ಹಿಡಿದು, ನೆಲ ಮುಚ್ಚಿ, ಹೊಸ ಬೀಜ ಬೆಳಕು ಕಾಣದಂತೆ ನೋಡಿಕೊಳ್ಳುತ್ತಿತ್ತು.

ಗ್ಲೈಫೋಸೇಟ್ ಎಲೆಯಿಂದ ಇಳಿದು ಬೇರನ್ನೂ ಕೊಲ್ಲುತ್ತದೆ, ಆದ್ದರಿಂದ ಗರಿಕೆಯೂ ಹೋಯಿತು. ಆದರೆ ನೆಲ ಸೇರಿದ ಔಷಧಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಬೀಜ ಮೊಳೆಯುವುದನ್ನು ತಡೆಯುವುದಿಲ್ಲ. ಬರಿದಾದ ನೆಲದ ಮೇಲೆ ಮುಂದಿನ ಹದಮಳೆ ಬಿದ್ದಾಗ ಮೊದಲು ಏಳುವುದು ಮಣ್ಣಿನಲ್ಲಿ ಯಾರ ಬೀಜ ಹೆಚ್ಚಿದೆಯೋ ಅವರು. ರಸ್ತೆಬದಿಯಿಂದ, ಗೊಬ್ಬರದ ಗಾಡಿಯಿಂದ, ಟ್ರ್ಯಾಕ್ಟರ್ ಚಕ್ರದಿಂದ ಬಂದು ಕೂತ ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಬೀಜಕ್ಕೆ ಇದಕ್ಕಿಂತ ಸಿಂಗಾರದ ಹಾಸಿಗೆ ಸಿಗದು. ಒಂದು ದೊಡ್ಡ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಮೊಳೆತ ತಿಂಗಳು ಒಂದೂವರೆ ತಿಂಗಳಲ್ಲೇ ಹೂಬಿಡುತ್ತದೆ. ಎರಡು ಮೂರು ವರ್ಷದಲ್ಲಿ ಬದುವಿನ ಬಹುಪಾಲು ಕಾಂಗ್ರೆಸ್ ಕಳೆಯದ್ದಾಗುತ್ತದೆ. ಅದನ್ನು ಕಂಡು ಮತ್ತೆ ಔಷಧಿ.

ಪಾರ್ಥೇನಿಯಂ ಹೂವಿಗೂ ನೊಣ, ಸಣ್ಣ ಜೇನು ಬರುತ್ತವೆ ಎಂಬುದು ನಿಜ. ಆದರೆ ನಾನಾ ಆಕಾರದ, ನಾನಾ ಕಾಲದ ಹೂಗಳ ಜಾಗದಲ್ಲಿ ಒಂದೇ ಬಗೆಯ ಚಿಕ್ಕ ಹೂವು ಉಳಿದರೆ ಆಗುವ ನಷ್ಟವನ್ನು ಹತ್ತಿರದಿಂದ ನೋಡಿದರೇ ತಿಳಿಯುವುದು.

ತುಂಬೆ ಮತ್ತು ತಂಗಡಿ, ಒಂದು ಗೇಣು ದೂರದಿಂದ

ತುಂಬೆಯ ಗುಂಡು ಗೊಂಚಲಿನಲ್ಲಿ ಎಲ್ಲ ಹೂವೂ ಒಟ್ಟಿಗೆ ಅರಳುವುದಿಲ್ಲ, ದಿನಕ್ಕೆ ಒಂದಷ್ಟು. ಬಿಳಿ ಹೂವಿನ ಕೆಳತುಟಿ ಅಗಲ, ಹುಳು ಕೂರಲು ಜಗುಲಿಯಂತೆ. ಮೇಲ್ತುಟಿ ರೋಮದ ಟೋಪಿ, ಅದರೊಳಗೆ ಕೇಸರಗಳು. ಮಕರಂದ ಕೊಳವೆಯ ಬುಡದಲ್ಲಿ. ಜೇನು ಜಗುಲಿ ಮೇಲೆ ಕಾಲೂರಿ ತಲೆ ತೂರಿಸಿದಾಗ ಟೋಪಿ ಅದರ ತಲೆ, ಹೆಗಲಿಗೆ ಒರಗಿ ಪರಾಗ ಮೆತ್ತುತ್ತದೆ. ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು), ಕೋಲ್ಜೇನು, ನೀಲಿಪಟ್ಟೆ ಜೇನು ಮೂರೂ ಬರುತ್ತವೆ. ಮಳೆ ಹಿಂದೆಗೆಯುವ ಹೊತ್ತಿನಿಂದ ಚಳಿ ಬರುವವರೆಗೆ ತುಂಬೆ ಹೀಗೆ ದಿನಕ್ಕಿಷ್ಟು ಬಡಿಸುತ್ತಲೇ ಇರುತ್ತದೆ.

ತಂಗಡಿಯದು ಬೇರೆ ರೀತಿ. ಅದರಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಆ ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದಿಂದ, ಉಪ್ಪಿನ ಡಬ್ಬಿಯಿಂದ ಉದುರುವಂತೆ ಹೊರಬರಬೇಕು. ಕರಿದುಂಬಿ ಮತ್ತು ನೀಲಿಪಟ್ಟೆ ಜೇನು ಕೇಸರವನ್ನು ಅವುಚಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ನಡುಗಿಸುತ್ತವೆ. ಹತ್ತಿರ ನಿಂತರೆ ‘ಝುಂಯ್’ ಎಂಬ ಏರುದನಿ ಕೇಳುತ್ತದೆ, ಹಳದಿ ಹುಡಿ ಹೊಟ್ಟೆಗೆ ಚಿಮ್ಮುತ್ತದೆ. ತುಡುವೆ, ಹೆಜ್ಜೇನಿಗೆ ಈ ವಿದ್ಯೆ ಬಾರದು. ಬದನೆ, ಟೊಮೇಟೊ ಹೂಗಳ ಕೇಸರವೂ ಇದೇ ಮಾದರಿಯದು. ಬದನೆ ಹೂ ಇಲ್ಲದ ತಿಂಗಳುಗಳಲ್ಲಿ ಈ ದುಂಬಿಗಳನ್ನು ಬದುವಿನ ತಂಗಡಿ ಸಾಕುತ್ತದೆ. ‘ಹೋಗಲಿ, ಒಂದು ಜೇನುಪೆಟ್ಟಿಗೆ ಇಟ್ಟರಾಯಿತು’ ಎಂಬ ಪರಿಹಾರ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ಪೆಟ್ಟಿಗೆಯ ತುಡುವೆ ಬದನೆಗೆ ದುಂಬಿಯ ಕೆಲಸ ಮಾಡಿಕೊಡದು.

ಗೂಡಿನ ಮಾತು ಇನ್ನೂ ಮುಖ್ಯ. ಒಂಟಿಯಾಗಿ ಬದುಕುವ ಜೇನುಜಾತಿಗಳಲ್ಲಿ ಹೆಚ್ಚಿನವು ನೆಲದಲ್ಲೇ ಬಿಲ ತೋಡುತ್ತವೆ. ಬಿಸಿಲು ಬೀಳುವ ಬದುವಿನ ಮಗ್ಗುಲಲ್ಲಿ ಪೆನ್ಸಿಲ್ ತೂರುವಷ್ಟು ಸಣ್ಣ ರಂಧ್ರ, ಬಾಯಿಯ ಸುತ್ತ ರವೆಯಂಥ ಮಣ್ಣು ಇದ್ದರೆ ಇರುವೆಯದೆಂದು ಕೆತ್ತಬೇಡಿ. ಅರ್ಧ ಗಂಟೆ ಕಾದರೆ ಕಾಲಿಗೆ ಪರಾಗ ಮೆತ್ತಿಕೊಂಡ ಜೇನು ಒಳಹೋಗುವುದು ಕಾಣಬಹುದು. ಸುಗ್ಗಿ ನಂತರ ಸನಿಕೆಯಲ್ಲಿ ಕೆತ್ತಿದಾಗ ಮೇಲಿನ ಗೂಡುಗಳು ಮರಿಯ ಸಮೇತ ಹೋಗುತ್ತವೆ. ಬೆಂಕಿ ಹಾಕಿದರೆ ಒಣಕಡ್ಡಿ, ಕತ್ತಾಳೆಯ ಹಳೇ ಕಂಬದಲ್ಲಿದ್ದ ಕರಿದುಂಬಿಯ ಸಂಸಾರವೂ ಮುಗಿಯುತ್ತದೆ. ಸಣ್ಣ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್ ದಾಟಿ ಮೇಯುವುದಿಲ್ಲ. ಆದ್ದರಿಂದ ಗುಡ್ಡದ ಕಾಡಿನಲ್ಲಿ ಜೇನಿದೆ ಎಂಬುದು ಈ ಹೊಲಕ್ಕೆ ಸಮಾಧಾನವಲ್ಲ.

ನಷ್ಟ ಎಲ್ಲಿ ಕಂಡಿತು, ಯಾರ ಮೇಲೆ ತಪ್ಪು ಹೊರಿಸಿದರು

ರಾಗಿಯಲ್ಲಿ ಏನೂ ಕಾಣುವುದಿಲ್ಲ. ಅದು ತನ್ನ ಪರಾಗದಲ್ಲೇ ಕಾಳು ಕಟ್ಟುವ ಬೆಳೆ. ಅವರೆಯೂ ಬಹುಮಟ್ಟಿಗೆ ಹಾಗೆಯೇ. ಪ್ರಧಾನ ಬೆಳೆಗೆ ಪೆಟ್ಟು ಬೀಳದ್ದರಿಂದಲೇ ಈ ತೊಂದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಹುಚ್ಚೆಳ್ಳು ಹಾಗಲ್ಲ, ಒಂದು ಗಿಡಕ್ಕೆ ತನ್ನದೇ ಪರಾಗ ಆಗದು, ಬೇರೆ ಗಿಡದ್ದು ಬೇಕು, ಅದನ್ನು ತರಲು ಹುಳು ಬೇಕು. ಹೂವಿನ ತಟ್ಟೆ ತುಂಬಿದ್ದರೂ ಒಕ್ಕಿದಾಗ ಜೊಳ್ಳು ಹೆಚ್ಚಿದ್ದರೆ ಮೊದಲ ಗುಮಾನಿ ಇಲ್ಲಿ ಬೀಳಬೇಕು.

ಕುಂಬಳದಲ್ಲಿ ಆದದ್ದು ಇನ್ನೂ ದುಬಾರಿ. ಹೆಣ್ಣು ಹೂವು ನಸುಕಿಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಆಯುಷ್ಯ ಒಂದೇ ಬೆಳಗು. ಗಂಡು ಹೂವಿನ ಪರಾಗ ದಪ್ಪ, ಅಂಟು, ಗಾಳಿಗೆ ಹಾರುವುದಲ್ಲ. ಹುಳು ಬಾರದಿದ್ದರೆ ಹೀಚು ನಾಲ್ಕೈದು ದಿನದಲ್ಲಿ ಹಳದಿಯಾಗಿ ತುದಿಯಿಂದ ಕೊಳೆತು ಉದುರುತ್ತದೆ. ಇದನ್ನು ಕಂಡವರು ಹಣ್ಣುನೊಣ ಎಂದುಕೊಂಡು ಕೀಟನಾಶಕ ಹೊಡೆಯುತ್ತಾರೆ, ಅದೂ ಬೆಳಿಗ್ಗೆ ಏಳೆಂಟು ಗಂಟೆಗೆ. ಉಳಿದಿದ್ದ ನಾಲ್ಕು ಜೇನು ಹೂವಿನೊಳಗೆ ಇರುವ ಹೊತ್ತು ಅದೇ. ಉದುರುವುದು ಇನ್ನೂ ಹೆಚ್ಚುತ್ತದೆ, ಇನ್ನೊಂದು ಸುತ್ತು ಔಷಧಿ ಬೀಳುತ್ತದೆ.

ಎರಡನ್ನೂ ಬೇರ್ಪಡಿಸುವುದು ಸುಲಭ. ಉದುರಿದ ಹೀಚನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳು, ಸಿಪ್ಪೆಯ ಮೇಲೆ ಚುಚ್ಚಿದ ಗುರುತು, ಅಂಟು ಇದ್ದರೆ ಹಣ್ಣುನೊಣ. ಏನೂ ಇಲ್ಲದಿದ್ದರೆ ಪರೀಕ್ಷೆ ಮಾಡಿ. ನಾಳೆ ಅರಳಲಿರುವ, ತುದಿ ಹಳದಿಗೆ ತಿರುಗಿದ ಹತ್ತು ಹೆಣ್ಣು ಮೊಗ್ಗು, ಹತ್ತು ಗಂಡು ಮೊಗ್ಗು ಆರಿಸಿ ಸಂಜೆಯೇ ದಾರದಿಂದ ಬಾಯಿ ಕಟ್ಟಿ. ಬೆಳಿಗ್ಗೆ ಎಂಟರೊಳಗೆ ಗಂಡು ಹೂವಿನ ದಳ ಕಿತ್ತು, ಕೇಸರವನ್ನು ಹೆಣ್ಣು ಹೂವಿನ ಶಲಾಕೆಯ ತುದಿಗೆ ಸುತ್ತಲೂ ಒರೆಸಿ ಮತ್ತೆ ಕಟ್ಟಿ. ಅದೇ ದಿನ ಅರಳಿದ ಇನ್ನೂ ಹತ್ತು ಹೆಣ್ಣು ಹೂವಿಗೆ ಕೆಂಪು ದಾರದ ಗುರುತು ಹಾಕಿ ಸುಮ್ಮನೆ ಬಿಡಿ. ವಾರದ ನಂತರ ಎಣಿಸಿ. ಕೈಯಿಂದ ಪರಾಗ ಕೊಟ್ಟವು ನಿಂತು, ಬಿಟ್ಟವು ಉದುರಿದ್ದರೆ ಕೊರತೆ ಜೇನಿನದು. ಎರಡೂ ಉದುರಿದ್ದರೆ ನೀರು, ಗೊಬ್ಬರ, ಬಳ್ಳಿಯ ಆರೋಗ್ಯ ನೋಡಿ. ಬದುವಿನ ಮೇಲೆ ತಪ್ಪು ಹೊರಿಸಬೇಡಿ.

ಬದಲಿ ಕ್ರಮ, ಮಳೆ ಲೆಕ್ಕದಲ್ಲಿ

ಕಳೆ ತೆಗೆಯುವುದನ್ನೇ ಬಿಡುವುದು ಇಲ್ಲಿ ಪರಿಹಾರವಲ್ಲ. ಬಿಟ್ಟರೆ ಪಾರ್ಥೇನಿಯಂ, ಲಂಟಾನ ಎರಡೇ ಉಳಿಯುತ್ತವೆ. ಇಡೀ 450 ಮೀಟರಿಗೆ ಒಂದೇ ದಿನ ಒಂದೇ ಪೆಟ್ಟು ಬೀಳಬಾರದು, ಅಷ್ಟೇ. ಬದುವನ್ನು 150 ಮೀಟರಿನ ಮೂರು ತುಂಡು ಮಾಡಿ, ಕಲ್ಲಿಗೆ ಸುಣ್ಣ ಬಳಿದು ಗುರುತು ಹಾಕಿ.

ಮೊದಲ ಕೆಲಸ ಪಾರ್ಥೇನಿಯಂ ಕೀಳುವುದು, ಇದು ಮೂರೂ ತುಂಡಿನಲ್ಲಿ. ಭರಣಿ ಅಥವಾ ಕೃತ್ತಿಕೆ ಮಳೆ (ಏಪ್ರಿಲ್ ಕೊನೆಯಿಂದ ಮೇವರೆಗೆ) ಹದವಾಗಿ ಬಿದ್ದ ಮೂರು ವಾರಕ್ಕೆ ಗಿಡ ಇನ್ನೂ ನೆಲಕ್ಕೆ ಒತ್ತಿದ ಎಲೆಚಕ್ರದ ಹಂತದಲ್ಲಿರುತ್ತದೆ. ಮಣ್ಣು ಒದ್ದೆಯಿದ್ದಾಗ ಬುಡಕ್ಕೆ ಬೆರಳಿಟ್ಟು ಎಳೆದರೆ ತಾಯಿಬೇರು ಸಮೇತ ಬರುತ್ತದೆ. ಕುಡುಗೋಲಿನಲ್ಲಿ ಕತ್ತರಿಸಿದರೆ ಬುಡದಿಂದ ನಾಲ್ಕು ಕವಲೊಡೆದು ಬೇಗ ಹೂಬಿಡುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಬೇಕೇ ಬೇಕು, ಚರ್ಮದ ತುರಿ, ಉಬ್ಬಸ ಇದ್ದವರು ಈ ಕೆಲಸಕ್ಕೆ ಇಳಿಯಬಾರದು. ಹೂವಿಗೆ ಮುಂಚೆ ಕಿತ್ತದ್ದು ಗೊಬ್ಬರದ ಗುಂಡಿಗೆ ಹೋಗಬಹುದು, ಹೂ ಬಿಟ್ಟದ್ದು ಹೋಗಕೂಡದು. ಆರಿದ್ರಾ ಮಳೆಯಲ್ಲಿ (ಜೂನ್ ಕೊನೆ) ಎರಡನೇ ಸುತ್ತು, ಆಗಸ್ಟ್ ಮೊದಲ ವಾರ ಮೂರನೆಯದು. ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುವುದು ಆಗಸ್ಟ್ 16ರಿಂದ 22ರವರೆಗೆ. ನಮ್ಮ ಬಯಲಿನಲ್ಲಿ ಮೇ ಮಳೆಗೆ ಎದ್ದ ಗಿಡ ಅಷ್ಟರಲ್ಲಿ ಬೀಜ ಉದುರಿಸಿ ಮುಗಿದಿರುತ್ತದೆ.

ಎಲೆಯ ಮೇಲೆ ಬಿಳಿಮಾಸಲು ರೆಕ್ಕೆಗೆ ಕಂದು ಗೆರೆಯಿರುವ ಚಿಕ್ಕ ಜೀರುಂಡೆ ಕಂಡರೆ ಕೊಲ್ಲಬೇಡಿ. ಪಾರ್ಥೇನಿಯಂ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು ಅದು. ಉಪ್ಪುನೀರು ಹೊಡೆಯುವ ಸಲಹೆಯೂ ಚಾಲ್ತಿಯಲ್ಲಿದೆ. ಪಾಳು ಜಾಗಕ್ಕೆ ಏನಾದರೂ ಇರಲಿ, ಬದುವಿಗೆ ಬೇಡ, ಉಪ್ಪು ತುಂಬೆ, ಗರಿಕೆ ಎಂದು ನೋಡುವುದಿಲ್ಲ.

ಎರಡನೇ ಕೆಲಸ ಕೊಯ್ಲು. ಬೆಳೆಯ ಕಡೆಗಿನ ಒಳಮಗ್ಗುಲಲ್ಲಿ ಒಂದಡಿ ಪಟ್ಟಿಯನ್ನು ಬಿತ್ತನೆಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಎಲ್ಲ ಕಡೆ ಕೊಯ್ಯಿರಿ. ಇದರಿಂದ ಗರಿಕೆ ಹೊಲಕ್ಕೆ ನುಗ್ಗದು. ಕಾಡುರಾಗಿ ತೆನೆ ಬಿಡುವ ಮುಂಚೆ ಹೋಗುವುದರಿಂದ ಬೆಂಕಿರೋಗದ ಒಂದು ಆಸರೆಯೂ ಕಡಿಮೆಯಾಗುತ್ತದೆ. ತಲೆ ಮತ್ತು ಹೊರಮಗ್ಗುಲಿಗೆ ಸರದಿ. ಮೊದಲ ತುಂಡು ಪುನರ್ವಸು ಮಳೆಯಲ್ಲಿ (ಜುಲೈ), ಎರಡನೆಯದು ಮಘೆಯಲ್ಲಿ (ಆಗಸ್ಟ್ ಎರಡನೇ ಅರ್ಧ). ಮೂರನೆಯದನ್ನು ಜನವರಿವರೆಗೆ ಮುಟ್ಟಬೇಡಿ. ಎರಡನೇ ತುಂಡು ಕೊಯ್ಯುವ ಹೊತ್ತಿಗೆ ಮೊದಲನೆಯದು ಮತ್ತೆ ಚಿಗುರಿ ಹೂವಿಗೆ ಬಂದಿರುತ್ತದೆ. ಮುಂದಿನ ವರ್ಷ ಸರದಿ ಒಂದು ಸ್ಥಾನ ಜರುಗಲಿ.

ಕೊಯ್ಯುವ ಎತ್ತರ ಅರ್ಧ ಗೇಣು. ಬ್ರಷ್ ಕಟರ್ ಹಿಡಿದವರು ನೆಲಕ್ಕೆ ಹಚ್ಚಿ ಬೋಳಿಸುತ್ತಾರೆ, ಕೆಲಸ ಚೆಂದ ಕಾಣಲೆಂದು. ಆಗ ತುಂಬೆ ಮತ್ತೆ ಚಿಗುರದು, ಮಣ್ಣು ಬಿಸಿಲಿಗೆ ತೆರೆದು ಪಾರ್ಥೇನಿಯಂಗೆ ಬಾಗಿಲು ತೆರೆದಂತೆ. ಕೊಯ್ದದ್ದನ್ನು ಒಂದು ದಿನ ಅಲ್ಲೇ ಬಿಟ್ಟು, ಹುಳಹುಪ್ಪಟೆ ಇಳಿದುಹೋದ ಮೇಲೆ ಎತ್ತಿ ದನಕ್ಕೋ ತಿಪ್ಪೆಗೋ ಹಾಕಿ. ಅಲ್ಲೇ ಕೊಳೆಯಲು ಬಿಟ್ಟರೆ ಸಣ್ಣ ಗಿಡಗಳು ಅಡಿಯಲ್ಲೇ ಉಸಿರುಗಟ್ಟುತ್ತವೆ.

ಬೋಳಾದ ಜಾಗ ತಾನಾಗಿ ತುಂಬುವವರೆಗೆ ಕಾಯುವುದು ದಡ್ಡತನ. ಮೃಗಶಿರ, ಆರಿದ್ರಾ ಮಳೆಯಲ್ಲಿ ಗರಿಕೆಯ ಬೇರುತುಂಡನ್ನು ಗೇಣಿಗೊಂದರಂತೆ ಊರಿ. ಜನವರಿಯಲ್ಲಿ ಕೊಯ್ಯುವ ತುಂಬೆಯ ಒಣಗಿದ ಗೊಂಚಲನ್ನು ಚೀಲದಲ್ಲಿ ಇಟ್ಟುಕೊಂಡು, ಮಳೆ ಹಿಡಿದಾಗ ಕೆರೆದ ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ರಾತ್ರಿ ಬಿಟ್ಟು, ಉಬ್ಬಿದ ಬೀಜ ಮಾತ್ರ ಊರಿ. ಲಕ್ಕಿ ಪೊದೆ ಬೆಳೆಸಲು ಅದರದೇ ಹೆಬ್ಬೆರಳು ದಪ್ಪದ ಒಂದು ಗೇಣು ಕಡ್ಡಿ ಊರಿದರೆ ಸಾಕು. ಇವೆರಡನ್ನು ಉತ್ತರದ ಬದುವಿನಲ್ಲಿ ಐದಾರು ಮೀಟರಿಗೊಂದು ಇಟ್ಟರೆ ರಾಗಿ ತೆನೆಯ ಕಾಲದಲ್ಲಿ ನೆರಳು ನಮ್ಮ ಹೊಲಕ್ಕೆ ಬೀಳದು. ಪಕ್ಕದವರ ಹೊಲಕ್ಕೆ ಬೀಳುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲವೇ ಎದೆಯ ಎತ್ತರಕ್ಕೆ ಸವರುತ್ತಿರಿ.

ಲಂಟಾನ ಇದ್ದರೆ ಒಂದೇ ವರ್ಷ ಪೂರ್ತಿ ತೆಗೆಯಬೇಡಿ. ಬೇಸಿಗೆಯಲ್ಲಿ ಚಿಟ್ಟೆಗಳಿಗೆ ಸಿಗುವ ಮಕರಂದ ಬಹುಪಾಲು ಅದರದೇ. ಮೂರರಲ್ಲೊಂದು ಪೊದೆ ತೆಗೆದು, ಆ ಜಾಗದಲ್ಲಿ ಲಕ್ಕಿ ನಿಂತ ಮೇಲೆ ಮುಂದಿನದು. ಮಚ್ಚಿನಲ್ಲಿ ಮೇಲೆ ಕಡಿದರೆ ಇಮ್ಮಡಿ ಚಿಗುರುತ್ತದೆ, ನೆಲದಿಂದ ಎರಡು ಮೂರು ಇಂಚು ಕೆಳಗೆ ಬೇರು ಕಡಿದು ಬುಡಮೇಲು ಮಾಡಿ ಒಣಗಿಸಬೇಕು.

ಬದುವಿನ ಬಿಸಿಲು ಮಗ್ಗುಲಲ್ಲಿ ಒಂದೊಂದು ಚದರ ಮೀಟರಿನ ಎರಡು ಮೂರು ಜಾಗವನ್ನು ಬರಿಮಣ್ಣಾಗಿಯೇ ಉಳಿಸಿ, ಸನಿಕೆ ತಾಗಿಸಬೇಡಿ. ನೆಲಗೂಡಿನ ಜೇನಿಗೆ ಅದು ಸೈಟು. ಪಾರ್ಥೇನಿಯಂ ಬರುವುದೂ ಅಲ್ಲಿಗೇ, ಆದ್ದರಿಂದ ಕೀಳುವವರ ಕಣ್ಣು ಮೊದಲು ಅಲ್ಲಿರಲಿ.

ಒಪ್ಪಬೇಕಾದ ಆಕ್ಷೇಪಗಳು

ಬದುವಿನಲ್ಲಿ ಪೊದೆಯಿದ್ದರೆ ಇಲಿ, ಹೆಗ್ಗಣ ಸೇರುತ್ತವೆ ಎಂಬುದು ಸುಳ್ಳಲ್ಲ. ರಾಗಿ ತೆನೆಗಟ್ಟುವ ಮುಂಚೆ ಸಂಜೆ ಎಲ್ಲ ಬಿಲ ಮುಚ್ಚಿ, ಬೆಳಿಗ್ಗೆ ತೆರೆದವನ್ನು ಮಾತ್ರ ಎಣಿಸಿ ಆ ಬಿಲಗಳಿಗೇ ಕ್ರಮ ಕೈಗೊಳ್ಳಿ. ಗಣಿಕೆ ಗಿಡ ಟೊಮೇಟೊ, ಆಲೂಗೆಡ್ಡೆಯ ಕೀಟ ಮತ್ತು ರೋಗಕ್ಕೆ ಆಸರೆ, ಆ ಬೆಳೆ ಹಾಕುವ ವರ್ಷ ಅದನ್ನು ತೆಗೆಯುವುದೇ ಸರಿ. ಸೂರ್ಯಕಾಂತಿ ಹಾಕುವವರಿಗಂತೂ ಪಾರ್ಥೇನಿಯಂ ಇರಲೇಬಾರದು, ಅದರ ಪರಾಗದೊಂದಿಗೆ ಥ್ರಿಪ್ಸ್ ಎಂಬ ಪುಟ್ಟ ಹುಳುವಿನ ಮೂಲಕ ನೆಕ್ರೋಸಿಸ್ ರೋಗದ ವೈರಸ್ ದಾಟುತ್ತದೆ.

ಸ್ಪ್ರೇಯರ್ ವಿಷಯ ಸಣ್ಣದೆನಿಸುತ್ತದೆ, ಆದರೆ ಅಕ್ಕಡಿ ಅವರೆ ಸುಟ್ಟಂತೆ ಮುರುಟಿಕೊಳ್ಳುವುದಕ್ಕೆ ಹಲವು ಸಲ ಅದೇ ಕಾರಣ. 2,4-ಡಿ ಹಾಕಿದ ಟ್ಯಾಂಕ್ ಒಮ್ಮೆ ನೀರಾಡಿಸಿದರೆ ಶುದ್ಧವಾಗದು. ಕಳೆನಾಶಕಕ್ಕೆ ಬೇರೆಯದೇ ಸ್ಪ್ರೇಯರ್ ಇಡಿ.

ಫಲಿತಾಂಶ ಅಳೆಯುವುದು

ಮೊದಲ ವರ್ಷ ಬದು ಗಲೀಜಾಗಿ ಕಾಣುತ್ತದೆ, ಊರಿನವರು ಆಡಿಕೊಳ್ಳುತ್ತಾರೆ. ಪಾರ್ಥೇನಿಯಂ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುವುದರಿಂದ ಒಂದೇ ಮಳೆಗಾಲದಲ್ಲಿ ಮುಗಿಯದು, ಗರಿಕೆ ನೆಲ ಮುಚ್ಚುತ್ತ ಬಂದಂತೆ ಕೀಳುವ ಕೆಲಸ ಹಗುರಾಗುತ್ತದೆ. ಅಣ್ಣೆ, ಹೊನಗೊನ್ನೆ, ಕನ್ನೆ ಮರಳಿದರೆ ಬೆರಕೆ ಸೊಪ್ಪಿನ ಮಸ್ಸೊಪ್ಪು ಮರಳುತ್ತದೆ, ಔಷಧಿ ಹೊಡೆದ ಬದುವಿನಲ್ಲಿ ಸೊಪ್ಪು ಕಿತ್ತು ತಿನ್ನುವಂತಿರಲಿಲ್ಲ.

ಕಣ್ಣಳತೆಗೆ ಬಿಡದೆ ಎಣಿಸಿ. ನಾಲ್ಕು ಕಡ್ಡಿ, ನಾಲ್ಕು ಮೀಟರ್ ಹಗ್ಗದಿಂದ ಒಂದು ಮೀಟರ್ ಚೌಕ ಮಾಡಿ ಪ್ರತಿ ತುಂಡಿನಲ್ಲಿ ಐದು ಕಡೆ ಹಾಕಿ. ಗಿಡದ ಬಗೆ ಎಷ್ಟು, ಪಾರ್ಥೇನಿಯಂ ಎಷ್ಟು, ಬರಿಮಣ್ಣು ಎಷ್ಟು ಬರೆದುಕೊಳ್ಳಿ. ಹುಚ್ಚೆಳ್ಳು ಹೂವಿನ ಕಾಲದಲ್ಲಿ, ಬಿಸಿಲಿದ್ದು ಗಾಳಿಯಿಲ್ಲದ ದಿನ, ಒಂಬತ್ತರಿಂದ ಹನ್ನೊಂದರ ನಡುವೆ 50 ಮೀಟರನ್ನು ಹತ್ತು ನಿಮಿಷದಲ್ಲಿ ನಡೆದು ಹೂವಿನ ಮೇಲೆ ಕೂತವನ್ನಷ್ಟೇ ಎಣಿಸಿ. ಹೆಜ್ಜೇನು, ತುಡುವೆ, ಕೋಲ್ಜೇನು, ಮುಜಂಟಿ (ಕುಟುಕದ ಪುಟ್ಟ ಜೇನು), ಕರಿದುಂಬಿ, ನೀಲಿಪಟ್ಟೆ, ಇತರ ಸಣ್ಣ ಜೇನು, ನೊಣ, ಚಿಟ್ಟೆ ಎಂದು ಒಂಬತ್ತು ಗೆರೆ ಸಾಕು. ಹೆಜ್ಜೇನು ದೂರದಿಂದ ಬರಬಲ್ಲದು, ಅದರ ಏರಿಳಿತ ಬದುವಿನ ಬಗ್ಗೆ ಹೆಚ್ಚು ಹೇಳದು. ನೀಲಿಪಟ್ಟೆ ಮತ್ತು ಸಣ್ಣ ಜೇನಿನ ಸಾಲು ನೋಡಿ. ಹುಚ್ಚೆಳ್ಳಿನಲ್ಲಿ ಹತ್ತು ಮೊಗ್ಗುತಟ್ಟೆಗೆ ಸೊಳ್ಳೆಪರದೆಯ ಚೀಲ ಕಟ್ಟಿ, ಪಕ್ಕದ ಹತ್ತನ್ನು ತೆರೆದು ಬಿಟ್ಟು, ಗಟ್ಟಿ ಕಾಳು ಮತ್ತು ಜೊಳ್ಳು ಬೇರೆ ಬೇರೆ ಎಣಿಸಿದರೆ ಹುಳು ಎಷ್ಟು ಕೆಲಸ ಮಾಡಿತು ಎಂಬುದು ಅಂಗೈಯಲ್ಲಿ ಸಿಗುತ್ತದೆ.

ಪಕ್ಕದ ಹೊಲದವರು ಔಷಧಿ ಬಿಡಲು ಒಪ್ಪದಿದ್ದರೆ ಜಗಳ ಬೇಡ. ಸುತ್ತಲಿನ 360 ಮೀಟರ್ ಬದುವಿನ ಹೊರಮಗ್ಗುಲು, 40 ಸೆಂಟಿಮೀಟರ್ ಅಗಲ, ಅವರ ಪಾಲಿಗೆ ಬಿಡಿ. ಕಳೆಯುವುದು 144 ಚದರ ಮೀಟರ್, ಉಳಿಯುವುದು 396, ನಾಲ್ಕು ಗುಂಟೆಗೆ ಚೂರು ಕಡಿಮೆ. ಅವರ ಕಡೆಯಿಂದ ಗಾಳಿ ಬೀಸುವ ಬದಿಗೆ ತುಂಬೆ ಬಿತ್ತದೆ ಬರೀ ಗರಿಕೆ ಬಿಟ್ಟು, ತಂಗಡಿ, ಲಕ್ಕಿ, ಬರಿಮಣ್ಣಿನ ಜಾಗ ಎಲ್ಲವನ್ನೂ ಎರಡೂ ಮಗ್ಗುಲು ನಮ್ಮದೇ ಆದ ನಡುಬದುವಿಗೆ ತನ್ನಿ. ತಂಗಡಿಯನ್ನು ಅಲ್ಲಿ ಮೊಣಕಾಲೆತ್ತರಕ್ಕೆ ಸವರುತ್ತಿದ್ದರೆ ರಾಗಿಗೆ ನೆರಳಿನ ತಕರಾರೂ ಇರದು.